ಮಗಳ ಮೂತ್ರದಲ್ಲಿ ಸಿಕ್ಕಿದ ಸಿಹಿ

ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿನ ಬಾಯಿಗೆ ಮೊದಲು ಹೋಗುವುದು ತಾಯಿಯ ಹಾಲಲ್ಲ, ಜೇನು. ಅದೂ ಅಂಗಡಿಯ ಜೇನಲ್ಲ. ಕಾಫಿ ಹೂ ಬಿಟ್ಟ ಮೇಲೆ ನಮ್ಮದೇ ತೋಟದ ಪೆಟ್ಟಿಗೆಗಳಿಂದ ತೆಗೆದ ತುಡುವೆ ಜೇನು. ಅತ್ತೆ ಉಂಗುರದ ಬೆರಳನ್ನು ಅದ್ದಿ ಮಗುವಿನ ನಾಲಿಗೆಗೆ ಸವರುತ್ತಿದ್ದರು. ಮಾದಾಪುರದ ಆಸುಪಾಸಿನಲ್ಲಿ ಹೆರಿಗೆಯಾದ ಮನೆಯವರು ಸಣ್ಣ ಬಾಟಲಿ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಅತ್ತೆ ಒಂದು ಕಾಸು ಮುಟ್ಟದೆ ತುಂಬಿಸಿ ಕೊಡುತ್ತಿದ್ದರು. ಅವರು ಕೆಟ್ಟವರೆಂದು ಯಾರೂ ತಿಳಿಯಬಾರದು ಎಂದು ಇದನ್ನು ಮೊದಲೇ ಹೇಳುತ್ತಿದ್ದೇನೆ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅವರು ನನ್ನ ಗಂಡನ ತಾಯಿ, ಅದಕ್ಕೂ ಮೊದಲು ನನ್ನ ಅಪ್ಪನ ಅಕ್ಕ. ಸೋದರತ್ತೆಯ ಮಗನನ್ನು ಮದುವೆಯಾಗುವುದು ನಮ್ಮಲ್ಲಿ ಹೊಸದೇನಲ್ಲ. ನಮ್ಮ ಗೂಡೆ ನಮ್ಮ ಮನೆಗೇ ಬಂತು ಎಂದು ಮದುವೆಯ ದಿನ ಅತ್ತೆ ಬಂದವರಿಗೆಲ್ಲ ಹೇಳಿದ್ದರು. ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ನಾಲಿಗೆ ಸ್ವಲ್ಪ ಉದ್ದ. ಅದನ್ನೂ ಅತ್ತೆ ನಮ್ಮ ಮನೆತನದ ಗುಣ ಎಂದು ಸಹಿಸಿಕೊಂಡಿದ್ದರು.

ಮಗಳು ಹುಟ್ಟಿ ವಾರ ಕಳೆಯುವ ಮೊದಲೇ ವಾಂತಿ ಶುರುವಾಯಿತು. ಬೆಳಿಗ್ಗೆ ಎಣ್ಣೆ ತಿಕ್ಕಿಸಿಕೊಂಡು, ಮಿಂದು, ಜೇನು ನೆಕ್ಕಿ ನನ್ನ ಮಡಿಲಿಗೆ ಬರುತ್ತಿದ್ದಳು. ಎದೆಗೆ ಬಾಯಿ ಹಾಕಿದ ಸ್ವಲ್ಪ ಹೊತ್ತಿಗೆ ಕಕ್ಕುತ್ತಿದ್ದಳು. ಮಧ್ಯಾಹ್ನ ಕುಡಿದದ್ದು ನಿಲ್ಲುತ್ತಿತ್ತು, ರಾತ್ರಿ ಕುಡಿದದ್ದೂ ನಿಲ್ಲುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ಕಕ್ಕಿದ್ದು ಬೆಳ್ಳಗಿತ್ತು, ಆದ್ದರಿಂದ ತಪ್ಪು ಹಾಲಿನದು ಎಂದು ತೀರ್ಮಾನವಾಯಿತು. ನಾನು ಹಲಸಿನ ಹಣ್ಣು ತಿಂದಿದ್ದೆನಂತೆ, ಶೀತದ ಸೊಪ್ಪು ತಿಂದಿದ್ದೆನಂತೆ, ಬಾಣಂತಿಯಾಗಿ ಕಿಟಕಿಯ ಹತ್ತಿರ ಕೂತಿದ್ದೆನಂತೆ. ಒಂದೊಂದನ್ನೇ ಬಿಡಿಸಿ ಕೊನೆಗೆ ನನಗೆ ಕಾಳುಮೆಣಸಿನ ಸಾರು ಅನ್ನ ಮಾತ್ರ ಉಳಿಯಿತು. ಮಗು ಕಕ್ಕುತ್ತಲೇ ಇತ್ತು.

ಎರಡು ತಿಂಗಳಾಗುವಾಗ ಕಣ್ಣು ಹಳದಿಯಾಯಿತು, ಹೊಟ್ಟೆ ಉಬ್ಬಿತು. ಮಡಿಕೇರಿಯಿಂದ ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಬಾಯಿಗೆ ಏನೂ ಕೊಡಬೇಡಿ ಎಂದು ಡ್ರಿಪ್ ಹಾಕಿದರು. ನಾಲ್ಕೈದು ದಿನಕ್ಕೆ ಕೂಸು ಕಣ್ಣು ಬಿಟ್ಟು ನನ್ನ ಬೆರಳು ಹಿಡಿಯಿತು. ಡಾಕ್ಟರೂ ಮೊದಲು ಹಾಲಿನ ಮೇಲೆಯೇ ಸಂಶಯಪಟ್ಟು ಪರೀಕ್ಷೆ ಮಾಡಿಸಿದ್ದರು. ಹಾಲಿನದಲ್ಲ ಎಂದು ಬಂತು, ಮತ್ತೆ ಎದೆಹಾಲು ಶುರು ಮಾಡಿಸಿದರು, ಅದು ದಕ್ಕಿತು. ಬೇರೆ ಏನಾದರೂ ಕೊಡುತ್ತಿದ್ದಿರಾ ಎಂದು ಕೇಳಿದರು. ಇಲ್ಲ ಎಂದು ಅತ್ತೆ ಹೇಳಿದರು, ನನ್ನ ಗಂಡನೂ ಹೇಳಿದರು. ಯಾರೂ ಸುಳ್ಳು ಹೇಳಲಿಲ್ಲ. ಮಗುವಿಗೆ ಗಾಳಿ ಕುಡಿಸಿದೆವು ಎಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಜೇನೂ ಹಾಗೆಯೇ, ಅದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ತಮ್ಮದೇ ಲೆಕ್ಕ ಹಾಕಿದರು. ಹಾಲು ಬಿಡಿಸಿದಾಗ ಕೂಸು ಚೇತರಿಸಿಕೊಂಡಿತು, ಅಂದ ಮೇಲೆ ಹಾಲೇ ನಂಜು. ಡಾಕ್ಟರ ಮಾತು ಹೇಳಲು ಹೋದರೆ, ಅವರಿಗೆ ಎಷ್ಟು ಮಕ್ಕಳು ಎಂದು ಕೇಳಿದರು. ನನ್ನ ಹಾಲನ್ನು ಒಂದು ಬಟ್ಟಲಿಗೆ ಹಿಂಡಿಸಿ ಅದಕ್ಕೊಂದು ಇರುವೆ ಬಿಟ್ಟರು. ಇರುವೆ ಸತ್ತಿತು. ಹಾಲಿನಲ್ಲಿ ಮುಳುಗಿದ ಇರುವೆ ಸಾಯದೆ ದಡ ಸೇರಿ ಮೈ ಒರೆಸಿಕೊಳ್ಳುತ್ತದೆಯೇ ಎಂದು ನಾನು ಕೇಳಿದ್ದಕ್ಕೆ ಯಾರೂ ನಗಲಿಲ್ಲ. ಗಂಡನ ಮುಖ ನೋಡಿದೆ. ಅವರದು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ. ಅವ್ವ ಹೇಳ್ವದೂ ಇರುದು, ನೋಡನ, ಎಂದು ತೋಟಕ್ಕೆ ಹೋದರು.

ಹಾಲು ಬತ್ತಲಿ ಎಂದು ಎದೆಗೆ ಮಲ್ಲಿಗೆ ಹೂ ಕಟ್ಟಿದರು. ಕಟ್ಟಿದವರು ಅತ್ತೆಯೇ, ಬಹಳ ಮೆತ್ತಗೆ ಕಟ್ಟಿದರು. ಪಕ್ಕದ ಕೋಣೆಯಲ್ಲಿ ಮಗು ಅಳುವುದು ಕೇಳಿದರೆ ಹೂವಿನ ಕೆಳಗೆ ಹಾಲು ಸೋರುತ್ತಿತ್ತು. ಅಲ್ಲಿ ಅವರು ಹಸುವಿನ ಹಾಲಿಗೆ ಕಲ್ಲುಸಕ್ಕರೆ ಕದಡಿ, ಶಕ್ತಿ ಬರಲಿ ಎಂದು ಜೇನು ಬೆರೆಸಿ ಕುಡಿಸುತ್ತಿದ್ದರು. ಮೊದಲು ದಿನಕ್ಕೊಂದು ಬೆರಳು ಇದ್ದದ್ದು ಈಗ ಹೊತ್ತು ಹೊತ್ತಿಗೆ ಚಮಚವಾಯಿತು. ಕೂಸು ತುಟಿ ಬಿಗಿದು ಮುಖ ತಿರುಗಿಸುತ್ತಿತ್ತು. ಹಠಮಾರಿ, ತಾಯಿಯ ಹಾಗೆಯೇ, ಎಂದು ಅತ್ತೆ ಮೂಗು ಹಿಡಿದು ಹುಯ್ಯುತ್ತಿದ್ದರು. ಮೂಗು ಹಿಡಿದರೆ ಯಾವ ಮಗುವೂ ಬಾಯಿ ಬಿಡಲೇಬೇಕು.

ಮತ್ತೆ ಘಟ್ಟ ಇಳಿದೆವು. ಈ ಸಲ ಲಿವರು ಪೂರ್ತಿ ಸೋತಿತ್ತು. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲುತ್ತಿರಲಿಲ್ಲ. ಬಂದ ಕೂಡಲೇ ತೆಗೆದಿದ್ದ ಮೂತ್ರ, ರಕ್ತದಲ್ಲಿ ಸ್ವಲ್ಪವನ್ನು ಸಂಶೋಧನೆಗೆಂದು ತಣ್ಣಗಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಆಸ್ಪತ್ರೆಯ ಲ್ಯಾಬಿನ ಒಬ್ಬ ಹುಡುಗಿ ಕೇಳಿದಳು. ಕಾರಣ ಗೊತ್ತಾಗದೆ ಲಿವರು ಹಾಳಾಗುವ ಎಳೆಮಕ್ಕಳ ಬಗ್ಗೆ ಅವರ ಕಡೆಯವರು ಕೆಲಸ ಮಾಡುತ್ತಿದ್ದರಂತೆ. ಗಂಡ ಸಹಿ ಹಾಕಿದರು. ನನಗೆ ಅವಳ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತ್ತು. ಮರುದಿನ ಮಗಳು ಹೋದಳು.

ಆಮೇಲಿನ ವರ್ಷ ಹೇಗಿತ್ತೆಂದು ಹೇಳಬೇಕು. ನೀನು ಕೊಂದೆ ಎಂದು ಅತ್ತೆ ಒಂದು ದಿನವೂ ನನ್ನ ಮುಖಕ್ಕೆ ಹೇಳಲಿಲ್ಲ. ತಾಯಿಯ ಹಾಲೇ ಆಗದ ಕೂಸು, ಅದರ ಹಣೆಬರಹ, ಎಂದು ಬಂದವರಿಗೆಲ್ಲ ಕಾಫಿ ಕೊಡುತ್ತ ಹೇಳಿದರು. ಅಷ್ಟು ಸಾಕಾಯಿತು. ಶಾಲೆಯಲ್ಲಿ ಜೊತೆಯ ಟೀಚರೊಬ್ಬಳು ತನ್ನ ಮಗುವನ್ನು ನನ್ನ ಕೈಗೆ ಕೊಡಲು ಹಿಂದೆಮುಂದೆ ನೋಡಿದಳು. ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ನನ್ನನ್ನು ಬಿಟ್ಟು ಉಳಿದವರನ್ನು ಕರೆದರು. ನನಗೂ ನಂಬಿಕೆ ಬಂದುಬಿಟ್ಟಿತ್ತು. ಸ್ನಾನದ ಮನೆಯಲ್ಲಿ ನನ್ನ ಎದೆಯನ್ನು ನಾನೇ ಅಸಹ್ಯಪಟ್ಟು ನೋಡುತ್ತಿದ್ದೆ.

ಮತ್ತೆ ಬಸುರಿಯಾಗಿ ಐದು ತಿಂಗಳಿಗೆ ಆಸ್ಪತ್ರೆಯಿಂದ ಫೋನ್ ಬಂತು, ಅದೇ ಹುಡುಗಿ. ಟೀಚರ್, ಒಂದು ವಿಷಯ ಕೇಳಬೇಕು, ಬರಲಿಕ್ಕೆ ಆಗ್ತದಾ ಎಂದಳು. ಹೋದೆವು. ಅವಳು ಮಾಡುತ್ತಿದ್ದ ಕೆಲಸಕ್ಕೆ ಮೆಟಬೊಲೋಮಿಕ್ಸ್ ಎಂದು ಹೆಸರಂತೆ. ಹಿಂದೆಲ್ಲ ಡಾಕ್ಟರಿಗೆ ಯಾವ ರೋಗದ ಸಂಶಯ ಬರುತ್ತದೋ ಅದಕ್ಕೆ ಮಾತ್ರ ಪರೀಕ್ಷೆ ನಡೆಯುತ್ತಿತ್ತು, ಸಂಶಯವೇ ಬಾರದ್ದು ಸಿಗುತ್ತಿರಲಿಲ್ಲ. ಈಗ ಒಂದೆರಡು ಹನಿಯನ್ನು ಯಂತ್ರಕ್ಕೆ ಕೊಟ್ಟರೆ ಅದರಲ್ಲಿರುವ ನೂರಾರು ಸಣ್ಣ ಸಣ್ಣ ವಸ್ತುಗಳನ್ನು ಒಟ್ಟಿಗೆ ಬೇರ್ಪಡಿಸಿ ತೂಗಿ ತೋರಿಸುತ್ತದೆ. ತಿಂದದ್ದರಲ್ಲಿ ಮೈ ಏನನ್ನು ಅರಗಿಸಿತು, ಏನನ್ನು ಅರ್ಧಕ್ಕೆ ಬಿಟ್ಟಿತು, ಯಾವುದು ಎಲ್ಲಿ ಕಟ್ಟಿ ನಿಂತಿತು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆರೋಗ್ಯವಾಗಿರುವ ಮಕ್ಕಳದನ್ನೂ ಹೀಗೆಯೇ ನೋಡಿ ಪಕ್ಕದಲ್ಲಿಟ್ಟರೆ ಕಾಯಿಲೆಯ ಮಗು ಎಲ್ಲಿ ಬೇರೆ ಎಂದು ಕಾಣುತ್ತದೆ. ಯಾರೂ ಕೇಳದ ಪ್ರಶ್ನೆಗೂ ಉತ್ತರ ಸಿಗುತ್ತದೆ ಎಂದಳು. ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ನಿಮ್ಮ ಮಗಳದು ಬಹಳ ಸ್ಪಷ್ಟವಾದ ಪ್ರೊಫೈಲ್, ಎಂದಳು. ನಮ್ಮ ಮಗಳ ಬಗ್ಗೆ ಆಸ್ಪತ್ರೆಯವರು ಹೇಳಿದ ಮೊದಲ ಹೊಗಳಿಕೆ ಅದು.

ಪರದೆಯ ಮೇಲೆ ಗೆರೆಗಳಿದ್ದವು, ಗುಡ್ಡದ ಸಾಲಿನ ಹಾಗೆ. ಹಸಿರು ಗೆರೆ ಬೇರೆ ಮಕ್ಕಳದು, ಕೆಂಪು ನಮ್ಮ ಮಗಳದು. ಒಂದು ಕಡೆ ಕೆಂಪು ಏರಿ ನಿಂತಿತ್ತು. ಅದು ಫ್ರಕ್ಟೋಸ್, ಹಣ್ಣಿನಲ್ಲೂ ಸಕ್ಕರೆಯಲ್ಲೂ ಜೇನಿನಲ್ಲೂ ಇರುವ ಸಿಹಿ. ಕೆಲವು ಮಕ್ಕಳ ಲಿವರಿಗೆ ಹುಟ್ಟಿನಿಂದಲೇ ಅದನ್ನು ಒಡೆಯುವ ಶಕ್ತಿ ಇರುವುದಿಲ್ಲ, ಅಂಥವರಿಗೆ ಅದು ವಿಷ.

"ಟೀಚರ್, ಇದು ಹಾಲಿನಿಂದ ಬರುವಂಥದ್ದಲ್ಲ. ನಿಮ್ಮ ಹಾಲು ಒಂದೇ ಆ ಮಗುವಿಗೆ ಸರಿಯಾಗಿದ್ದದ್ದು," ಎಂದಳು.

ಆ ಮಾತು ಕೇಳಿ ನಾನು ಜೋರಾಗಿ ಅತ್ತುಬಿಟ್ಟೆ. ಹೊರಗೆ ಸರದಿಯಲ್ಲಿ ಕೂತಿದ್ದವರು ಬಾಗಿಲಲ್ಲಿ ಇಣುಕಿದರು. ಗಂಡ ನನ್ನ ಬೆನ್ನ ಮೇಲೆ ಕೈ ಇಡಲು ಬಂದರು, ಕೊಡವಿಬಿಟ್ಟೆ.

ಮನೆಯಲ್ಲಿ ಸಿಹಿ ಆಗದವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಅವಳು ಕೇಳಿದಳು. ಯಾರನ್ನು ಹುಡುಕಿಕೊಂಡು ಹೋಗುವುದು? ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಕೊಡಗಿನಲ್ಲಿ ಹುಟ್ಟಿ ಒಂದು ಕಿತ್ತಳೆ ತೊಳೆ ಬಾಯಿಗೆ ಹಾಕದ ಮನುಷ್ಯ. ಎಲ್ಲರೂ ಬೆಲ್ಲದ ಕಾಫಿ ಕುಡಿದರೆ ಇವರಿಗೆ ಚಪ್ಪೆ ಕಾಫಿ. ಹುತ್ತರಿಯ ದಿನ ತಂಬಿಟ್ಟನ್ನು ಕಣ್ಣಿಗೊತ್ತಿ ಎಲೆಯ ಬದಿಗೆ ಇಡುತ್ತಿದ್ದರು. ಹಲ್ಲು ಮಾತ್ರ ಒಂದೂ ಹುಳುಕಿಲ್ಲ, ಅದು ನಮ್ಮ ನೆಂಟರಲ್ಲಿ ದೊಡ್ಡ ಹೊಗಳಿಕೆ. ಚಿಕ್ಕವರಿದ್ದಾಗ ಯಾರೋ ಬಲವಂತಕ್ಕೆ ಪಾಯಸ ತಿನ್ನಿಸಿದ್ದಕ್ಕೆ ತಲೆ ತಿರುಗಿ ಬಿದ್ದಿದ್ದರಂತೆ. ತನಗೆ ಏನಾಗುತ್ತದೆಂದು ಗೊತ್ತಿದ್ದ ಈ ಮಹಾರಾಯ, ಮಗಳು ಮುಖ ತಿರುಗಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದರು. ಅವರ ರಕ್ತವನ್ನೂ ನನ್ನದನ್ನೂ ಪರೀಕ್ಷೆಗೆ ಕೊಟ್ಟೆವು. ಕಾಯಿಲೆ ಅವರಿಗೂ ಇತ್ತು. ನನ್ನಲ್ಲಿ ಅದರ ಅರ್ಧ ಪಾಲು ಅಡಗಿ ಕೂತಿತ್ತು, ಅಪ್ಪನ ಕಡೆಯಿಂದ ಬಂದದ್ದು. ಹೊಟ್ಟೆಯಲ್ಲಿರುವ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕೆ ಅರ್ಧ. ಬಂದರೂ ಹೆದರಬೇಕಿಲ್ಲ, ಸಿಹಿಯೊಂದು ನಾಲಿಗೆಗೆ ತಾಗದಂತೆ ನೋಡಿಕೊಂಡರೆ ಬದುಕುತ್ತದೆ, ಎಂದು ಆ ಹುಡುಗಿ ಹೇಳಿದಳು. ತಾಗಿದರೆ? ಎಂದು ನಾನು ಕೇಳಲಿಲ್ಲ, ನೋಡಿದ್ದೆ.

ನಿಮ್ಮ ಅತ್ತೆಗೆ ಇದನ್ನು ಹೇಳಲೇಬೇಕೆಂದಿಲ್ಲ, ವಯಸ್ಸಾದವರು, ಜೇನು ಕೊಡಬೇಡಿ ಎಂದಷ್ಟೇ ಹೇಳಿ ಸಾಕು, ಎಂದೂ ಹೇಳಿದಳು. ಒಳ್ಳೆಯ ಹುಡುಗಿ. ಗಂಡನೂ ದಾರಿಯುದ್ದಕ್ಕೂ ಅದನ್ನೇ ಗೋಗರೆದರು.

ನಾನು ಹೇಳಿದೆ. ಎಲ್ಲರ ಮುಂದೆ ಹೇಳಿದೆ. ನನಗೆ ಮಡಿಲು ತುಂಬುವ ದಿನ ನೆಂಟರು ಬಂದಿದ್ದರು. ಈ ಸಲವಾದರೂ ಹಾಲು ಸರಿ ಇರಲಿ ದೇವರೇ ಎಂದು ಒಬ್ಬಾಕೆ ಹಾರೈಸಿದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬ ಹಾಗೆ, ಅತ್ತೆ ಆ ವರ್ಷದ ಮೊದಲ ಎರಿಯನ್ನು ಹಿಂಡಿದ ಜೇನನ್ನು ಹುಟ್ಟುವ ಮಗುವಿಗೆಂದು ಬೇರೆ ಬಾಟಲಿಯಲ್ಲಿ ತೆಗೆದಿಟ್ಟಿದ್ದರು, ಅದನ್ನು ತಂದು ತೋರಿಸಿದರು. ತಮ್ಮ ಮಗ ಹುಟ್ಟಿದ ವರ್ಷ ಊರಿಗೇ ಜೇನುಹುಳದ ಕಾಯಿಲೆ ಬಂದು ಪೆಟ್ಟಿಗೆಗಳೆಲ್ಲ ಬರಿದಾಗಿದ್ದವು, ಅವನ ಬಾಯಿಗೆ ಒಂದು ತೊಟ್ಟು ಬೀಳಲಿಲ್ಲ, ಅದಕ್ಕೇ ಹೀಗೆ ಕಡ್ಡಿಯ ಹಾಗೆ ಇದ್ದಾನೆ, ಎಂದು ನೂರು ಸಲ ಹೇಳಿದ್ದನ್ನೇ ಅಂದೂ ಹೇಳಿದರು. ನನಗೆ ಆ ಕ್ಷಣದವರೆಗೆ ಅದು ಹೊಳೆದಿರಲಿಲ್ಲ. ನಿಮ್ಮ ಮಗ ಬದುಕಿದ್ದು ಹುಳ ಸತ್ತದ್ದರಿಂದ ಅತ್ತೆ, ಎಂದೆ. ಹುಳ ಇದ್ದಿದ್ದರೆ ಅವರನ್ನೂ ನೀವೇ ಕೊಲ್ಲುತ್ತಿದ್ದಿರಿ, ನನ್ನ ಮಗಳನ್ನು ಕೊಂದ ಹಾಗೆ, ಎಂದೆ. ಆಮೇಲೆ ಆಸ್ಪತ್ರೆಯಲ್ಲಿ ಹೇಳಿದ್ದನ್ನೆಲ್ಲ ತರಗತಿಯಲ್ಲಿ ಪಾಠ ಮಾಡಿದ ಹಾಗೆ ನಿಧಾನಕ್ಕೆ, ಹಿಂದಿನ ಬೆಂಚಿಗೂ ಕೇಳುವಂತೆ ವಿವರಿಸಿದೆ. ಇರುವೆಯನ್ನೂ ಬಿಡಲಿಲ್ಲ, ಮಲ್ಲಿಗೆಯನ್ನೂ ಬಿಡಲಿಲ್ಲ.

ನೆಂಟರು ತಲೆ ತಗ್ಗಿಸಿಕೊಂಡು ಒಬ್ಬೊಬ್ಬರೇ ಎದ್ದರು. ಅತ್ತೆ ಬಾಟಲಿ ಹಿಡಿದುಕೊಂಡೇ ಕೂತಿದ್ದರು. ಎಲ್ಲರೂ ಹೋದ ಮೇಲೆ ನನ್ನನ್ನು ಒಂದೇ ಮಾತು ಕೇಳಿದರು.

"ಅದು ಮೊಖ ತಿರುಗಿಸ್ತಿತ್ತಲ್ಲ, ಅದ್ಕೆ ಗೊತ್ತಿತ್ತಾ?"

ಗೊತ್ತಿತ್ತು, ಎಂದೆ.

ಅಂದಿನಿಂದ ಅವರು ಪೆಟ್ಟಿಗೆಗಳ ಕಡೆ ಹೋಗಲಿಲ್ಲ. ಮೇಣದ ಹುಳ ಬಿದ್ದು ಎರಿಗಳೆಲ್ಲ ಜೇಡರ ಬಲೆಯಾದವು. ಬಾಟಲಿ ಹಿಡಿದು ಬಂದವರಿಗೆ ಜೇನು ಇಲ್ಲೆ, ಎಂದರೆ ಇಲ್ಲ, ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಅವರನ್ನು ನೋಡಿ ನನಗೆ ಸಮಾಧಾನವಾಗುತ್ತಿತ್ತು. ಹೌದು, ಸಮಾಧಾನವೇ, ಬೇರೆ ಹೆಸರು ಕೊಟ್ಟು ಯಾಕೆ ಚಂದ ಮಾಡಲಿ?

ಮಗ ಹುಟ್ಟಿದ. ಪರೀಕ್ಷೆಯಲ್ಲಿ ಅವನಿಗೂ ಇದೆ ಎಂದು ಬಂತು. ಅಜ್ಜಿ ಮಗುವನ್ನು ಮುಟ್ಟಬಾರದು ಎಂದು ನಾನು ಕಟ್ಟಪ್ಪಣೆ ಮಾಡಿದೆ. ಬಾಯಿಗೆ ಏನೂ ಕೊಡಬಾರದು ಎಂದಿದ್ದರೆ ಸಾಕಿತ್ತು ಎಂದು ಗಂಡ ಹೇಳಿದರು. ನನಗೆ ಸಾಲದು ಎಂದೆ. ಮಗು ಹೊರಳಿದಾಗ, ಅಂಬೆಗಾಲಿಟ್ಟಾಗ, ನಡೆದಾಗ ಅತ್ತೆ ಜಗಲಿಯ ಆಚೆ ಬದಿಯಲ್ಲಿ ಕೂತು ನೋಡಿದರು. ಅದು ತಮ್ಮ ಕಡೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಆದರೆ ಒಂದು ಕೆಲಸ ಯಾರೂ ಹೇಳದೆ ಹಿಡಿದುಕೊಂಡರು. ಮಗುವಿಗೆಂದು ಹೊರಗಿನಿಂದ ಏನು ಬಂದರೂ, ಬಿಸ್ಕತ್ತಿರಲಿ, ಹಿಟ್ಟಿರಲಿ, ಮೊದಲು ನಾಲಿಗೆ ತುದಿಗೆ ತಾಗಿಸಿ ನೋಡಿ ಅಂಗಳಕ್ಕೆ ಉಗಿಯುತ್ತಿದ್ದರು. ಸಿಹಿ ಇದ್ದರೆ ಬೊತ್ತು ಎಂದು ಅಲ್ಲೇ ಇಟ್ಟು ಹೋಗುತ್ತಿದ್ದರು. ಬೊತ್ತು ಎಂದರೆ ಬೇಡ. ಇಡೀ ದಿನ ಅವರ ಬಾಯಲ್ಲಿ ಕೇಳುತ್ತಿದ್ದದ್ದು ಅದೊಂದು ಮಾತು.

ಮಗನಿಗೆ ಎರಡು ತುಂಬಿದ ಮೇಲೆ ಆ ಹುಡುಗಿ ಮತ್ತೆ ಕರೆದಳು. ನಮ್ಮ ಮಗಳ ಗೆರೆಗಳನ್ನು ನೋಡಿ ಕಲಿತದ್ದರಿಂದ ಆಮೇಲೆ ಬಂದ ಮಗುವೊಂದರಲ್ಲಿ ಇದೇ ಕಾಯಿಲೆಯನ್ನು ಬೇಗ ಹಿಡಿದಿದ್ದರಂತೆ. ಅದು ಉಳಿದಿತ್ತು. ದೊಡ್ಡ ಡಾಕ್ಟರುಗಳ ಸಭೆಯಲ್ಲಿ ಅದನ್ನೆಲ್ಲ ಹೇಳುವವರಿದ್ದರು, ಹೆಸರು ಹಾಕದೆ. ನೋಡಬೇಕು ಅನ್ನಿಸಿತು. ಮಗುವನ್ನು ನೋಡಿಕೊಳ್ಳಲು ತವರಿನಿಂದ ನನ್ನ ಅಮ್ಮನನ್ನು ಕರೆಸಿದೆ. ಅತ್ತೆ ಮನೆಯಲ್ಲಿದ್ದರೂ ಅವರ ಕೈಗೆ ಬಿಡುವ ಮಾತಿರಲಿಲ್ಲ. ಏನು ಕೊಡಬೇಕು, ಏನು ಕೊಡಬಾರದು ಎಂದು ಅಮ್ಮನಿಗೆ ಹೇಳಿ ಹೇಳಿ ನನಗೇ ಬಾಯಿ ಒಣಗಿತು. ನನಗೆ ಗೊತ್ತಿಲ್ವಾ, ಹೋಗಿ ಬಾ, ಎಂದರು ಅಮ್ಮ.

ಸಭೆಯಲ್ಲಿ ಅದೇ ಕೆಂಪು ಗೆರೆ ಗೋಡೆಯಷ್ಟು ದೊಡ್ಡದಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರದೋ ಮಗು ಉಳಿದದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು. ನನ್ನದನ್ನು ನೋಡಿ ಕಲಿತು ಇನ್ನೊಬ್ಬಳದನ್ನು ಉಳಿಸಿದರಲ್ಲ ಎಂದು ಹೊಟ್ಟೆ ಉರಿಯಿತು. ಚಪ್ಪಾಳೆ ನಿಲ್ಲುವ ಮೊದಲೇ ಅಮ್ಮನ ಫೋನ್ ಬಂತು. ಮಗುವಿಗೆ ಜ್ವರ, ನಿನ್ನ ಅತ್ತೆ ನನ್ನ ಕೈಗೆ ಹೊಡೆದರು, ನಾನು ಈಗಲೇ ಹೊರಡುತ್ತೇನೆ, ಎಂದು ಅಳುತ್ತಿದ್ದರು.

ಗಂಡನೊಡನೆ ಸಂಪಾಜೆ ಘಟ್ಟ ಹತ್ತಿ ಮನೆ ಮುಟ್ಟಿದೆ. ಮಗ ಚಾವಡಿಯ ಚಾಪೆಯಲ್ಲಿ ಮಲಗಿದ್ದ, ಹಣೆಯ ಮೇಲೆ ಒದ್ದೆ ಬಟ್ಟೆ. ಅತ್ತೆ ಎರಡು ಮಾರು ದೂರದಲ್ಲಿ ಕೂತಿದ್ದರು. ನೀರಿನ ಪಾತ್ರೆ ಅವರ ಬಳಿಯಲ್ಲಿತ್ತು. ಬಟ್ಟೆಯನ್ನು ಅದ್ದಿ ಹಿಂಡಿ ಅಮ್ಮನ ಕೈಗೆ ಕೊಡುತ್ತಿದ್ದರು, ಅಮ್ಮ ಸಿಡುಕುತ್ತಲೇ ಮಗುವಿನ ಹಣೆಗೆ ಹಾಕುತ್ತಿದ್ದರು. ಅಷ್ಟಾದರೂ ಅತ್ತೆ ಮಗುವನ್ನು ಮುಟ್ಟಿರಲಿಲ್ಲ. ನೆಲದ ಮೇಲೆ ಕೆಂಪಗೆ ಏನೋ ಚೆಲ್ಲಿ ಅಂಟಾಗಿತ್ತು, ಇರುವೆ ಹತ್ತಿತ್ತು. ಜ್ವರದ ಸಿರಪ್. ಅಮ್ಮ ಅದನ್ನು ಮಾದಾಪುರದ ಮೆಡಿಕಲ್ ಶಾಪಿನಿಂದ ತರಿಸಿ ಚಮಚಕ್ಕೆ ಹೊಯ್ದು ಮಗುವಿನ ತುಟಿಯವರೆಗೆ ಒಯ್ದಿದ್ದರು. ಇದು ಮದ್ದು, ಇದೇನು ಸಿಹಿಯಾ, ಎಂದು ಈಗಲೂ ವಾದಿಸುತ್ತಿದ್ದರು. ಬಾಟಲಿಯ ಬಾಯಿಗೆ ಬೆರಳು ತಾಗಿಸಿ ನೆಕ್ಕಿ ನೋಡಿದೆ. ಪಾಕ.

ಡಾಕ್ಟರಿಗೆ ಫೋನ್ ಮಾಡಿ, ಸಿಹಿಯಿಲ್ಲದ ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಮಗ ಬೆವರಿದ, ಕಣ್ಣು ಬಿಟ್ಟ. ಅವನನ್ನು ಎತ್ತಿಕೊಂಡು ಅತ್ತೆಯ ಮುಂದೆ ನಿಂತೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಏನನ್ನು ಕಾಯುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಮಾತು ಸಾಕಿತ್ತು, ಅರ್ಧ ಮಾತೂ ಸಾಕಿತ್ತು.

"ಈ ಬುದ್ಧಿ ಆಗ ಇದ್ದಿದ್ರೆ ಈಗ ಎರಡಿರ್ತಿತ್ತು," ಎಂದೆ.

"ಹೌದು ಗೂಡೆ," ಎಂದರು ಅತ್ತೆ.

ಅವರ ದನಿ ಕೇಳಿ ಮಗ ಅಜ್ಜೀ ಎಂದು ಅವರ ಕಡೆ ಎರಡೂ ಕೈ ಚಾಚಿದ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡರು, ಮುಂದೆ ತರಲಿಲ್ಲ, ನನ್ನ ಕಡೆ ನೋಡಿದರು. ನಾನು ಕೊಡಲಿಲ್ಲ.